ದೊಡ್ಡಮ್ಮನ ಸಕ್ಕರೆ ಅಚ್ಚಿನ ಆನೆಯನ್ನ ಸ್ಕ್ಯಾನ್ ಮಾಡಿದ್ದು: ನನ್ನ ಅನುಭವ

ಅರಕಲಗೂಡಲ್ಲಿರೋ ನಮ್ಮ ದೊಡ್ಡಮ್ಮನ ಮನೆ ಅಟ್ಟದ ಮೇಲೆ ಒಂದು ತಗಡಿನ ಡಬ್ಬ ಇದೆ. ಅದರೊಳಗೆ ಹಳೇ ಪಂಚೆ ತುಂಡಲ್ಲಿ ಸುತ್ತಿಟ್ಟಿರೋ ಸಕ್ಕರೆ ಅಚ್ಚಿನ ಮರದ ಅಚ್ಚುಗಳು, ಹತ್ತು ಜೊತೆ, ಅವರ ಅತ್ತೆ ಕಾಲದವು. ಗಿಳಿ, ಮೀನು, ಬಾಳೆಗೊನೆ, ಹೂಜಿ, ಗೋಪುರ, ಬೃಂದಾವನ, ನಂದಿ, ಆನೆ ಹೀಗೆ. ಧನುರ್ಮಾಸ ಬಂತು ಅಂದ್ರೆ ಡಬ್ಬ ಕೆಳಗಿಳಿಯುತ್ತೆ, ಸಂಕ್ರಾಂತಿ ಹಿಂದಿನ ವಾರವೆಲ್ಲ ಮನೇಲಿ ಸಕ್ಕರೆ ಪಾಕದ ವಾಸನೆ. ಒಂದು ವರ್ಷ ಹಬ್ಬ ಮುಗಿದ ಮೇಲೆ ಆನೆ ಅಚ್ಚು ಮಾತ್ರ ಹೇಗೋ ಡಬ್ಬದಿಂದ ಹೊರಗೇ ಉಳಿದುಹೋಗಿತ್ತು, ಗೋಡೆ ಪಕ್ಕದ ಹಲಗೆ ಮೇಲೆ. ಮುಂದಿನ ಡಿಸೆಂಬರಲ್ಲಿ ನೋಡಿದ್ರೆ ಎಡಗಡೆ ಅರ್ಧಕ್ಕೆ ಗೆದ್ದಲು ಹಿಡಿದಿದೆ. ಆನೆ ಸೊಂಡಿಲು, ತಲೆ, ಬೆನ್ನಿನ ಮೇಲಿನ ಜೂಲಿನ ಸ್ವಲ್ಪ ಭಾಗ ಉಳಿದಿತ್ತು ಅಷ್ಟೇ, ಹಿಂಭಾಗ ಪೂರ್ತಿ ಪುಡಿ. ದೊಡ್ಡಮ್ಮ ಏನೂ ಮಾತಾಡ್ಲಿಲ್ಲ, ಆ ಪುಡೀನ ಒಂದು ಪೇಪರಿಗೆ ಹಾಕಿ ಮಡಚಿಟ್ರು. ನನಗೆ ಅದನ್ನ ನೋಡೋಕಾಗ್ಲಿಲ್ಲ. ಇದನ್ನ ಸರಿ ಮಾಡ್ಲೇಬೇಕು ಅಂತ ಅವತ್ತೇ ಅಂದ್ಕೊಂಡೆ.

ನಾನು ಓದಿದ್ದು ಮೆಕ್ಯಾನಿಕಲ್ ಡಿಪ್ಲೊಮಾ, ಹಾಸನದಲ್ಲಿ ಡ್ರಾಯಿಂಗ್ ಕೆಲಸ ಮಾಡ್ತೀನಿ, ಮಷಿನ್ ಪಾರ್ಟುಗಳಿಗೆ ತ್ರೀಡಿ ಮಾಡೆಲ್ ಮಾಡೋದು ದಿನಾ ಇರೋದೇ. ಆದ್ರೆ ಅಲ್ಲಿ ಅಳತೆ ತಗೊಂಡು ಗೆರೆ ಎಳೀತೀವಿ. ಕೈಯಲ್ಲಿ ಕೆತ್ತಿದ ಆನೆಗೆ ಯಾವ ಅಳತೆ ತಗೊಳ್ಳೋದು? ವಸ್ತುವಿನ ಆಕಾರಾನ ಹಾಗೇ ಕಂಪ್ಯೂಟರಿಗೆ ತಗೊಳ್ಳೋ ತ್ರೀಡಿ ಸ್ಕ್ಯಾನೇ ದಾರಿ ಅಂತ ಮೊದಲು ಒಂದು ಅಂಗಡಿಗೆ ಗಿಳಿ ಅಚ್ಚನ್ನ ಟ್ರಯಲ್ಲಿಗೆ ಕೊಟ್ಟೆ. ಅವರು ನನ್ನ ಕೇಳದೇನೇ ಬಿಳೀ ಸ್ಕ್ಯಾನಿಂಗ್ ಸ್ಪ್ರೇ ಹೊಡೆದುಬಿಟ್ರು. ಕಪ್ಪಗಿರೋ, ಹೊಳೆಯೋ ವಸ್ತು ಸ್ಕ್ಯಾನರಿಗೆ ಸರಿಯಾಗಿ ಕಾಣಲ್ಲ, ಅದಕ್ಕೆ ಪೌಡರ್ ಹೊಡೆಯೋದು ಎಲ್ಲಾ ಕಡೆ ಇರೋ ಪದ್ಧತಿ, ಕಬ್ಬಿಣದ ಪಾರ್ಟಾದ್ರೆ ಒರೆಸಿದ್ರೆ ಹೋಗುತ್ತೆ. ಇದು ಮರ, ಅದೂ ತಿನ್ನೋ ಪದಾರ್ಥ ಹುಯ್ಯೋ ಮರ. ಪೌಡರು ಎಳೆ ಎಳೆ ಒಳಗೆ ಹೋಗಿ ಕೂತಿತ್ತು. ಎರಡು ದಿನ ನೀರಲ್ಲಿ ನೆನೆಹಾಕಿ ಹಳೇ ಹಲ್ಲುಜ್ಜೋ ಬ್ರಷಲ್ಲಿ ತಿಕ್ಕಿದ್ರೂ ಗಿಳಿ ರೆಕ್ಕೆ ಗೆರೆಗಳಲ್ಲಿ ಬಿಳುಪು ಇನ್ನೂ ಇದೆ. ಆ ಜೊತೆಯಲ್ಲಿ ಈಗ ಸಕ್ಕರೆ ಹುಯ್ಯೋದಿಲ್ಲ. ತಾನಾಗೇ ಆವಿಯಾಗಿ ಹೋಗೋ ಸ್ಪ್ರೇನೂ ಸಿಗುತ್ತೆ, ಆದ್ರೂ ಅಡುಗೆ ಸಾಮಾನಿಗೆ ನಾನಂತೂ ಯಾವುದನ್ನೂ ಹೊಡೆಯಲ್ಲ, ನೀವೂ ಕೊಡೋ ಮುಂಚೆನೇ ಸ್ಪ್ರೇ ಬೇಡ ಅಂತ ಬರೆದು ಕೊಡಿ.

ಅಷ್ಟಾದ್ರೂ ಆ ಸ್ಕ್ಯಾನಲ್ಲಿ ಗಿಳಿಯ ಕೊಕ್ಕು ಇರೋ ಜಾಗ ತೂತು. ಯಾಕೆ ಅಂದ್ರೆ ಆ ಥರ ಸ್ಕ್ಯಾನರಲ್ಲಿ ಒಂದು ಕಡೆಯಿಂದ ಪ್ರೊಜೆಕ್ಟರ್ ಪಟ್ಟೆ ಪಟ್ಟೆ ಬೆಳಕು ಬಿಡುತ್ತೆ, ಸ್ವಲ್ಪ ಪಕ್ಕದಿಂದ ಕ್ಯಾಮೆರಾ ನೋಡುತ್ತೆ, ಆ ಎರಡರ ಕೋನದಿಂದ ದೂರ ಲೆಕ್ಕ ಹಾಕೋದು. ಅಂದ್ರೆ ಒಂದೇ ಬಿಂದು ಇಬ್ಬರಿಗೂ ಕಾಣಬೇಕು. ಅಚ್ಚು ಅಂದ್ರೆ ಹೊಂಡ, ಕೊಕ್ಕಿನ ಥರ ಸಣ್ಣಗೆ ಆಳವಾಗಿರೋ ಕಡೆ ಬೆಳಕು ಹೋದ್ರೆ ಕ್ಯಾಮೆರಾಗೆ ಕಾಣಲ್ಲ, ಕ್ಯಾಮೆರಾಗೆ ಕಂಡ್ರೆ ಬೆಳಕು ಹೋಗಿರಲ್ಲ. ಗೊಂಬೆ ಸ್ಕ್ಯಾನ್ ಮಾಡೋದಕ್ಕೂ ಗೊಂಬೆಯ ಅಚ್ಚು ಸ್ಕ್ಯಾನ್ ಮಾಡೋದಕ್ಕೂ ಇರೋ ವ್ಯತ್ಯಾಸ ಇದು.

ಅದಕ್ಕೇ ಫೋಟೊಗ್ರಾಮೆಟ್ರಿಗೆ ಬಂದೆ. ಸುತ್ತ ಎಲ್ಲಾ ಕಡೆಯಿಂದ ಫೋಟೊ ತೆಗೆದು ಕೊಟ್ರೆ ಸಾಫ್ಟ್‌ವೇರ್ ಒಂದೇ ಗುರುತು ಯಾವ್ಯಾವ ಫೋಟೊದಲ್ಲಿ ಎಲ್ಲೆಲ್ಲಿ ಇದೆ ಅಂತ ಹುಡುಕಿ ಆಕಾರ ಕಟ್ಟುತ್ತೆ. ಮೆಶ್‌ರೂಮ್ ಅಂತ ಇದೆ, ಫ್ರೀ, ಓಪನ್ ಸೋರ್ಸು, ಆದ್ರೆ ಅದರ ಮುಖ್ಯ ಹಂತಕ್ಕೆ ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡ್ ಬೇಕು, ನನ್ನ ಲ್ಯಾಪ್‌ಟಾಪಲ್ಲಿ ಅದೃಷ್ಟಕ್ಕೆ ಇತ್ತು. ಫೋನಲ್ಲೇ ಸ್ಕ್ಯಾನ್ ಮಾಡೋ ಆ್ಯಪ್‌ಗಳೂ ಇವೆ. ಕೆಲವು ಐಫೋನಲ್ಲಿರೋ, ಬೆಳಕು ಬಿಟ್ಟು ದೂರ ಅಳೆಯೋ ಲೈಡಾರ್ ಕೋಣೆ ಅಳೆಯೋಕೆ ಚೆನ್ನಾಗಿದೆ, ಅಂಗೈಯಗಲದ ಆನೆ ಕಣ್ಣಿಗೆ ಅದು ಆಗಲ್ಲ.

ಮೊದಲ ಸಲ ಆನೆ ಅಚ್ಚಿನ ಚೆನ್ನಾಗಿದ್ದ ಬಲ ಅರ್ಧವನ್ನ ತಿರುಗೋ ಮಣೆ ಮೇಲಿಟ್ಟು ಫೋನನ್ನ ಸ್ಟ್ಯಾಂಡಿಗೆ ಹಾಕಿ ತೆಗೆದೆ. ಬಂದಿದ್ದು ಬರೀ ಗೋಜಲು. ಹಿಂದಿನ ಗೋಡೆ, ಕಿಟಕಿ ಕಂಬಿ ಅಲ್ಲಾಡ್ತಿಲ್ಲ, ಅಚ್ಚು ಮಾತ್ರ ತಿರುಗ್ತಿದೆ, ಸಾಫ್ಟ್‌ವೇರಿಗೆ ಯಾರನ್ನ ನಂಬೋದು ಗೊತ್ತಾಗಲ್ಲ. ಎರಡನೇ ಸಲ ಜಗಲಿ ಮೇಲೆ ದಿನಪತ್ರಿಕೆ ಹಾಸಿ ಅಚ್ಚನ್ನ ಮಧ್ಯ ಇಟ್ಟು ನಾನೇ ಸುತ್ತ ಬಂದೆ. ಪತ್ರಿಕೆ ಅಕ್ಷರಗಳು ಸಾಫ್ಟ್‌ವೇರಿಗೆ ಒಳ್ಳೇ ಗುರುತು, ಇದು ತುಂಬಾ ಕೆಲಸಕ್ಕೆ ಬರುತ್ತೆ. ಆದ್ರೂ ಆನೆ ಹೊಟ್ಟೆ ಭಾಗ ಅಲೆ ಅಲೆಯಾಗಿ ಬಂತು. ಕಾರಣ ಎರಡು. ಒಂದು, ಹತ್ತಿರ ಹೋದ ತಕ್ಷಣ ಫೋನು ತಾನೇ ಮ್ಯಾಕ್ರೊ ಲೆನ್ಸಿಗೆ ಬದಲಾಗ್ತಿತ್ತು, ಅರ್ಧ ಫೋಟೊ ಒಂದು ಲೆನ್ಸು ಅರ್ಧ ಇನ್ನೊಂದು. ಲೆನ್ಸ್, ಫೋಕಸ್, ಎಕ್ಸ್‌ಪೋಷರ್ ಮೂರನ್ನೂ ಲಾಕ್ ಮಾಡಿಕೊಂಡ ಮೇಲೆ ಅದು ಸರಿಹೋಯ್ತು. ಇನ್ನೊಂದು ಎಣ್ಣೆ. ಎತ್ತಿಡೋವಾಗ ಕೊಬ್ಬರಿ ಎಣ್ಣೆ ಸವರಿ ಇಡ್ತಾರೆ, ಹೊಟ್ಟೆ ಗುಂಡಿಯಲ್ಲಿ ಒಂದು ಹೊಳಪು ಇರುತ್ತೆ, ನಾವು ಚಲಿಸಿದ ಹಾಗೆ ಆ ಹೊಳಪೂ ಚಲಿಸುತ್ತೆ, ಸಾಫ್ಟ್‌ವೇರ್ ಅದನ್ನೇ ಮರದ ಗುರುತು ಅಂದ್ಕೊಳ್ಳುತ್ತೆ. ಮೋಡ ಕವಿದ ದಿನಕ್ಕೆ ಕಾದು, ಜಗಲಿಗೆ ಬಿಳೀ ಪಂಚೆ ಅಡ್ಡ ಕಟ್ಟಿ, ಬೆಳಕು ಎಲ್ಲಾ ಕಡೆಯಿಂದ ಮೆತ್ತಗೆ ಬೀಳೋ ಹಾಗೆ ಮಾಡಿ ಮೂರನೇ ಸಲ ತೆಗೆದೆ. ಒಂದರ ಮೇಲೊಂದು ಮುಕ್ಕಾಲು ಭಾಗ ಬರೋ ಹಾಗೆ, ಮೂರು ಎತ್ತರದಲ್ಲಿ ಮೂರು ಸುತ್ತು, ಆಮೇಲೆ ಹೊಂಡದ ಒಳಗೆ ನೇರ ನೋಡೋ ಹಾಗೆ ಒಂದಷ್ಟು, ಒಟ್ಟು 184 ಫೋಟೊ. ಲ್ಯಾಪ್‌ಟಾಪ್ ಮೂರು ಗಂಟೆ ಬಿಸಿಯಾಗಿ ಕೂತಿತ್ತು. ತೆಗೆದು ನೋಡಿದ್ರೆ ಆನೆ ಕಣ್ಣಿನ ಸುತ್ತ ಉಳಿ ಎರಡು ಸಲ ಊರಿದ ಏಟು ಕೂಡ ಕಾಣ್ತಿದೆ! ಒಂದು ಏಟು ಆಳ, ಒಂದು ಮೇಲೆಮೇಲೆ. ಅದನ್ನ ಕೆತ್ತಿದವರ ಹೆಸರು ದೊಡ್ಡಮ್ಮಂಗೂ ಗೊತ್ತಿಲ್ಲ, ಕೈ ಮಾತ್ರ ಪರದೆ ಮೇಲೆ ಇದೆ. ಸ್ವಲ್ಪ ಹೊತ್ತು ಸುಮ್ಮನೆ ನೋಡ್ತಾ ಕೂತಿದ್ದೆ.

ಅಲ್ಲೊಂದು ವಿಷಯ. ಸ್ಕ್ಯಾನ್ ನೋಡುವಾಗ ಬಣ್ಣ ತೆಗೆದು ಬರೀ ಬೂದು ಮಾಡಿ, ಬೆಳಕನ್ನ ಪಕ್ಕದಿಂದ ಓರೆಯಾಗಿ ಬಿಟ್ಟು ನೋಡಿ. ಬೇಲೂರು ದೇವಸ್ಥಾನದ ಒಳಗೆ ಗೈಡ್‌ಗಳು ಟಾರ್ಚನ್ನ ಓರೆ ಹಿಡಿದು ಕೆತ್ತನೆ ತೋರಿಸ್ತಾರಲ್ಲ, ಅದೇ ಉಪಾಯ. ಆನೆ ಅಚ್ಚಿನ ಬಲ ಅರ್ಧದ ಹಿಂಬದಿ ಮೈಯಲ್ಲಿ, ಮಸಿ ಎಣ್ಣೆ ಸೇರಿ ಕಪ್ಪಾಗಿರೋ ಕಡೆ, ಕಣ್ಣಿಗೆ ಏನೂ ಕಾಣ್ತಿರಲಿಲ್ಲ, ಓರೆ ಬೆಳಕಲ್ಲಿ ‘೫’ ಅಂತ ಎದ್ದು ಬಂತು. ಗೆದ್ದಲು ತಿಂದ ಅರ್ಧದಲ್ಲೂ ಅದೇ ‘೫’. ಜೊತೆ ತಪ್ಪದೇ ಇರಲಿ ಅಂತ ಕೆತ್ತಿದವರು ನಂಬರ್ ಹಾಕಿದ್ದಾರೆ. ಆಮೇಲೆ ಉಳಿದವನ್ನೂ ನೋಡಿದ್ರೆ ಎರಡು ಗೋಪುರದ ಅರ್ಧಗಳು ಎಷ್ಟೋ ವರ್ಷದಿಂದ ಅದಲುಬದಲಾಗಿ ಕಟ್ಟಿಕೊಂಡಿದ್ವು. ಗೋಪುರದ ಅಂಚಲ್ಲಿ ಯಾವಾಗ್ಲೂ ಪಾಕ ಸೋರುತ್ತೆ ಅಂತ ದೊಡ್ಡಮ್ಮ ಅಂತಿದ್ದದ್ದು ಅದಕ್ಕೇ.

ಫೋಟೊದಿಂದ ಬರೋ ಮಾಡೆಲಿಗೆ ಆಕಾರ ಇರುತ್ತೆ, ಅಳತೆ ಇರಲ್ಲ. ಆನೆ ಇಲಿಯಷ್ಟೂ ಇರಬಹುದು ಮನೆಯಷ್ಟೂ ಇರಬಹುದು. ಎರಡು ಅರ್ಧಗಳನ್ನ ಜೋಡಿಸೋಕೆ ಅಚ್ಚಿನಲ್ಲಿರೋ ಎರಡು ಗೂಟಗಳ ಮಧ್ಯದ ದೂರವನ್ನ ವರ್ನಿಯರ್ ಅನ್ನೋ ಅಳತೆ ಸಾಧನದಲ್ಲಿ ಅಳೆದೆ, 52 ಮಿಮೀ, ಬ್ಲೆಂಡರ್ ಅನ್ನೋ ತ್ರೀಡಿ ಸಾಫ್ಟ್‌ವೇರಲ್ಲಿ ಮಾಡೆಲ್ಲನ್ನ ಅದಕ್ಕೆ ಸರಿಯಾಗಿ ಹಿಗ್ಗಿಸಿದೆ. ತ್ರೀಡಿ ಮಾಡೆಲ್ ಕಳಿಸೋ ಎಸ್‌ಟಿಎಲ್ ಫೈಲಲ್ಲಿ ಯೂನಿಟ್ಟೇ ಬರೆದಿರಲ್ಲ, ಕಳಿಸುವಾಗ ಮಿಮೀ ಅಂತ ಬಾಯಲ್ಲೂ ಹೇಳಿ, ಬರೆದೂ ಕೊಡಿ.

ಇನ್ನು ಕಳೆದುಹೋದ ಎಡ ಅರ್ಧ. ಆನೆಗೆ ಎಡ ಬಲ ಒಂದೇ ಥರ, ಬಲ ಅರ್ಧವನ್ನ ಕನ್ನಡಿಯ ಹಾಗೆ ತಿರುಗಿಸಿದ್ರೆ ಎಡ ಸಿಗುತ್ತೆ ಅಂತ ಮಿರರ್ ಕೊಟ್ಟೆ. ಗೂಟದ ಎದುರು ತೂತು ಬರಬೇಕಾದ ಕಡೆ ಗೂಟವೇ ಬಂತು, ಸರಿ, ಅದನ್ನ ಅಳಿಸಿ ತೂತು ಮಾಡಿದೆ. ಆಮೇಲೆ ಗೆದ್ದಲು ತಿಂದ ಅರ್ಧವನ್ನೂ ಸ್ಕ್ಯಾನ್ ಮಾಡಿ ಎರಡನ್ನೂ ಕ್ಲೌಡ್‌ಕಂಪೇರ್ ಅನ್ನೋ ಸಾಫ್ಟ್‌ವೇರಲ್ಲಿ ಒಂದರ ಮೇಲೊಂದು ಕೂರಿಸಿದೆ, ಅದು ಎಷ್ಟು ವ್ಯತ್ಯಾಸ ಇದೆ ಅಂತ ಬಣ್ಣದಲ್ಲಿ ತೋರಿಸುತ್ತೆ. ಸೊಂಡಿಲ ಹತ್ತಿರ ಹಸಿರು, ಅಂದ್ರೆ ಸರಿ ಇದೆ. ಕಿವಿ ಹತ್ತಿರ 1 ಮಿಮೀ ತನಕ ವ್ಯತ್ಯಾಸ. ಜೂಲಿನ ಹತ್ತಿರ ಪೂರ್ತಿ ಕೆಂಪು. ಹೋಗಿ ನೋಡಿದ್ರೆ ಬಲಗಡೆ ಜೂಲಿನಲ್ಲಿ ಹೂವಿದೆ, ಎಡಗಡೆ ಉಳಿದಿರೋ ಚೂರಲ್ಲಿ ಸಾಲಾಗಿ ನಾಲ್ಕು ಚುಕ್ಕಿ. ಕೆತ್ತಿದವರು ಎರಡೂ ಕಡೆ ಬೇರೆ ಬೇರೆ ಮಾಡಿದ್ದಾರೆ! ನಾನು ಮಿರರ್ ಮಾಡಿದ್ದನ್ನೇ ಕೊಟ್ಟುಬಿಟ್ಟಿದ್ರೆ ಆ ಚುಕ್ಕಿಗಳು ಈ ಪ್ರಪಂಚದಿಂದಾನೇ ಹೋಗಿರೋವು. ಅವತ್ತಿಂದ ನಾನು ಇಟ್ಟುಕೊಂಡಿರೋ ನಿಯಮ: ಉಳಿದದ್ದನ್ನ ಮುಟ್ಟಬಾರದು, ಇಲ್ಲದ್ದನ್ನ ಮಾತ್ರ ಮಿರರಿನಿಂದ ತುಂಬಬೇಕು, ತುಂಬಿದ ಜಾಗಕ್ಕೆ ಫೈಲಲ್ಲಿ ಬೇರೆ ಬಣ್ಣ ಕೊಡಬೇಕು, ಮೊದಲ ಸ್ಕ್ಯಾನನ್ನ ಏನೂ ತಿದ್ದದೆ ಬೇರೆ ಫೋಲ್ಡರಲ್ಲಿ ಇಡಬೇಕು. ಚುಕ್ಕಿ ನಾಲ್ಕೇ ಇತ್ತಾ, ಹಿಂದಕ್ಕೆ ಇನ್ನೂ ಇತ್ತಾ ಅಂತ ದೊಡ್ಡಮ್ಮನ್ನ ಕೇಳಿದೆ. ಕಣ್ಣು ಮುಚ್ಚಿಕೊಂಡು ಅಂಗೈ ಮೇಲೆ ಬೆರಳಾಡಿಸಿ "ಏಳು" ಅಂದ್ರು. ಅಷ್ಟು ವರ್ಷ ಬಿಡಿಸಿ ಬಿಡಿಸಿ ಬೆರಳಿಗೇ ಗೊತ್ತಿದೆ. ಏಳು ಹಾಕಿದೆ, ಮೂರಕ್ಕೆ ಬೇರೆ ಬಣ್ಣ.

ಪಿಎಲ್‌ಎ ಪ್ಲಾಸ್ಟಿಕ್ಕಲ್ಲಿ ಎಡ ಅರ್ಧದ ಒಂದು ತ್ರೀಡಿ ಪ್ರಿಂಟ್ ತೆಗೆದು ಬಲ ಅರ್ಧಕ್ಕೆ ಜೋಡಿಸಿ ನೋಡಿದೆ, ಕಟಕ್ ಅಂತ ಕೂತಿತು. ಇದು ಬರೀ ಜೋಡಣೆ ನೋಡೋಕೆ, ಪಿಎಲ್‌ಎ 60 ಡಿಗ್ರಿ ಹತ್ತಿರಾನೇ ಮೆತ್ತಗಾಗುತ್ತೆ, ಪಾಕ ನೂರರ ಮೇಲೆ ಇರುತ್ತೆ, ಪ್ರಿಂಟಿನ ಪದರದ ಸಂದುಗಳಲ್ಲಿ ಕೊಳೆ ಕೂತ್ರೆ ತೊಳೆಯೋಕೂ ಆಗಲ್ಲ. ಆದ್ರೆ ಸಕ್ಕರೆ ಅಂಟದೇ ಇರಲಿ ಅಂತ ಮರದ ಅಚ್ಚನ್ನ ಹಿಂದಿನ ರಾತ್ರಿ ನೀರಲ್ಲಿ ನೆನೆಹಾಕ್ತಾರಲ್ಲ, ಹಾಗೆ ನೆನೆದ ಬಲ ಅರ್ಧಕ್ಕೆ ಬೆಳಿಗ್ಗೆ ಅದೇ ಪ್ರಿಂಟ್ ಜೋಡಿಸೋಕೆ ಹೋದ್ರೆ ಗೂಟ ತೂತಿಗೆ ಹೋಗ್ತಿಲ್ಲ! ಅಳೆದೆ. ಉದ್ದ 96 ಮಿಮೀ ಇದ್ದದ್ದು ಹಾಗೇ ಇದೆ. ಅಗಲ 74 ಇದ್ದದ್ದು 75 ದಾಟಿದೆ, ಗೂಟಗಳ ಮಧ್ಯದ ದೂರಾನೂ ಅದೇ ಲೆಕ್ಕದಲ್ಲಿ ಹೆಚ್ಚಾಗಿದೆ. ಮರ ನೀರು ಕುಡಿದ್ರೆ ಎಳೆಗೆ ಅಡ್ಡಲಾಗಿ ಉಬ್ಬುತ್ತೆ, ಎಳೆ ಉದ್ದಕ್ಕೆ ಹೆಚ್ಚುಕಡಿಮೆ ಉಬ್ಬೋದೇ ಇಲ್ಲ. ಒಣಗಿದ್ದನ್ನ ಸ್ಕ್ಯಾನ್ ಮಾಡಿದೀನಿ, ಕೆಲಸ ಮಾಡೋದು ಒದ್ದೆ ಅಚ್ಚು. ಹೊರಗಿನ ಮೈ ಎಲ್ಲಾ ಸ್ಕ್ಯಾನಲ್ಲಿದೆ, ಮರದ ಎಳೆ ಯಾವ ಕಡೆ ಓಡುತ್ತೆ ಅನ್ನೋದು ಆ ಮಾಡೆಲ್ಲಲ್ಲಿ ಇಲ್ಲ.

ಹಾಗಾಗಿ ಪ್ಲಾಸ್ಟಿಕ್ ಬಿಟ್ಟು ಮರಕ್ಕೇ ಬಂದೆ. ಬಾಗಿಲು ಕೆತ್ತನೆ ಮಾಡೋ ಒಬ್ಬ ಆಚಾರಿಗಳ ಹತ್ತಿರ ಕಂಪ್ಯೂಟರ್ ಫೈಲ್ ನೋಡಿ ತಾನೇ ಕೆತ್ತೋ ಸಿಎನ್‌ಸಿ ಮಷಿನ್ ಇದೆ. ಹಳೇ ಅಚ್ಚನ್ನ ತಿರುಗಿಸಿ ನೋಡಿ, ಉಗುರಲ್ಲಿ ಕೆರೆದು, ತೇಗ ಅಂದ್ರು, ಹಳೇ ಕಿಟಕಿಯ ಚೌಕಟ್ಟಿನ ತೇಗದ ತುಂಡೊಂದು ಹುಡುಕಿ, ಎಳೆ ಅದೇ ದಿಕ್ಕಿಗೆ ಬರೋ ಹಾಗೆ ಮಷಿನ್ ಮೇಲೆ ಕಟ್ಟಿದ್ರು. 2 ಮಿಮೀ ಗುಂಡು ಮೂತಿ ಬಿಟ್ ಹಾಕಿದ್ರೂ ಅದಕ್ಕಿಂತ ಸಣ್ಣ ಗೆರೆ, ಚೂಪು ಮೂಲೆ ಮಷಿನ್ನಿಗೆ ಆಗಲ್ಲ. ಕಣ್ಣು, ಕಿವಿ ಮಡಿಕೆ, ಉಗುರು, ಚುಕ್ಕಿ ಇವನ್ನ ಆಚಾರಿಗಳು ಉಳಿಯಲ್ಲಿ ಮಾಡಿದ್ರು, ಪಕ್ಕದಲ್ಲಿ ನನ್ನ ಲ್ಯಾಪ್‌ಟಾಪು, ಓರೆ ಬೆಳಕಿನ ಬೂದು ಆನೆ. "ಈ ಏಟು ಎಡಗೈಯವರದ್ದು ಇರಬೇಕು" ಅಂದ್ರು ಒಂದು ಸಲ. ನನಗೆ ಅದು ತಿಳಿಯಲ್ಲ, ಅವರಿಗೆ ತಿಳಿಯುತ್ತೆ. ಹಿಂಬದಿ ಮೈಯಲ್ಲಿ ‘೫’ ಹಾಕಿದ್ರು, ಕೆಳಗೆ ಸಣ್ಣದಾಗಿ ಮಾಡಿದ ವರ್ಷಾನೂ ಹಾಕಿ ಅಂತ ನಾನೇ ಹೇಳಿದೆ, ಮುಂದೆ ಯಾರಾದ್ರೂ ನೋಡಿದ್ರೆ ಇದು ಹಳೇದಲ್ಲ ಅಂತ ತಿಳೀಬೇಕು.

ಹಬ್ಬದ ಹಿಂದಿನ ಭಾನುವಾರ ಎರಡೂ ಅರ್ಧಗಳನ್ನ ರಾತ್ರಿಯಿಡೀ ನೆನೆಸಿ ಬೆಳಿಗ್ಗೆ ಜೋಡಿಸಿದ್ರೆ ಗೂಟ ಬಿಗಿಯಾಗಿ ಕೂತಿತು. ದೊಡ್ಡಮ್ಮ ಪಾಕಕ್ಕೆ ಹಾಲು ಹಾಕಿ ಕೊಳೆ ತೆಗೆದು, ಸೋಸಿ, ಸ್ವಲ್ಪ ಸ್ವಲ್ಪವೇ ಚಿಕ್ಕ ಪಾತ್ರೆಗೆ ಬಗ್ಗಿಸಿ ಮರದ ಕೋಲಲ್ಲಿ ತಿರುವಿ, ಬಿಳುಪಿಗೆ ತಿರುಗಿದ ಕ್ಷಣಕ್ಕೆ ಆನೆ ಕಾಲಿನ ಕಡೆಯಿಂದ ಹುಯ್ದ್ರು. ಮೊದಲ ಆನೆಯ ಬಾಲ ಹೊಸ ಅರ್ಧಕ್ಕೆ ಅಂಟಿಕೊಂಡು ಮುರೀತು. ಎರಡನೇದು ಪೂರ್ತಿ ಬಂತು. ದೊಡ್ಡಮ್ಮ ಅದನ್ನ ಎಡಕ್ಕೆ ತಿರುಗಿಸಿ ಚುಕ್ಕಿ ಮೇಲೆ ಬೆರಳಿಟ್ಟು ಎಣಿಸಿದ್ರು.

ಈಗ ಒಂಬತ್ತು ಜೊತೆ ಸ್ಕ್ಯಾನ್ ಮುಗಿದಿದೆ, ಎರಡು ಹಾರ್ಡ್ ಡಿಸ್ಕಲ್ಲಿ ಒಂದು ನನ್ನ ಹತ್ತಿರ, ಒಂದು ಅರಕಲಗೂಡಲ್ಲಿ ಅದೇ ತಗಡಿನ ಡಬ್ಬದ ಪಕ್ಕ. ಬೃಂದಾವನ ಮಾತ್ರ ಉಳಿದಿದೆ, ಅದರ ಹೊಂಡ ಕಿರಿದಾಗಿ 30 ಮಿಮೀ ಆಳ, ತಳದಲ್ಲಿ ತುಳಸಿ ಎಲೆಗಳು, ಫೋಟೊದಲ್ಲೂ ತಳ ಕತ್ತಲೆ. ಅದಕ್ಕೆ ಬೇರೆ ದಾರಿ ಯೋಚನೆ ಮಾಡಿದೀನಿ: ಅದರಲ್ಲಿ ಸಕ್ಕರೇನೇ ಹುಯ್ದು ಬೃಂದಾವನ ತೆಗೆದು, ಆ ಸಕ್ಕರೆ ಬೃಂದಾವನವನ್ನೇ ಸ್ಕ್ಯಾನ್ ಮಾಡೋದು. ಹೊಂಡದಲ್ಲಿ ಕಾಣದ್ದು ಉಬ್ಬಲ್ಲಿ ಕಾಣುತ್ತೆ. ಸಕ್ಕರೆ ಬಿಳುಪು, ಒಳಗೆ ಸ್ವಲ್ಪ ಬೆಳಕು ಹೀರುತ್ತೆ, ಮೈ ಮೇಲೆ ಗುರುತೂ ಇರಲ್ಲ, ಅದಕ್ಕೆ ಕುಂಕುಮದ ನೀರನ್ನ ಬ್ರಷ್ಷಲ್ಲಿ ಸಣ್ಣಗೆ ಸಿಡಿಸಿ ಚುಕ್ಕಿ ಮಾಡಿ ನೋಡಬೇಕು ಅಂತಿದೀನಿ. ಧನುರ್ಮಾಸ ಬರಲಿ.