ಎರಡು ಮೀಟರ್ ಯಾಗಿಯ ಕಡ್ಡಿಗಳೂ ಅದನ್ನು ಹೊರುವ ಕಂಬವೂ

ಹವ್ಯಾಸಿ (ಹ್ಯಾಮ್) ರೇಡಿಯೋದ ಎರಡು ಮೀಟರ್ ಬ್ಯಾಂಡಿನಲ್ಲಿ, ಅಂದರೆ 145 ಮೆಗಾಹರ್ಟ್ಸ್ ಆಸುಪಾಸಿನಲ್ಲಿ, ಕೆಲಸ ಮಾಡುವ ಎಫ್‌ಎಂ ರಿಪೀಟರ್‌ಗಳ (ಸಂಕೇತ ಹಿಡಿದು ಮರುಪ್ರಸಾರ ಮಾಡುವ ಕೇಂದ್ರಗಳ) ಆಂಟೆನಾ ಸಾಮಾನ್ಯವಾಗಿ ಲಂಬವಾಗಿರುವುದರಿಂದ, ಅವುಗಳತ್ತ ತಿರುಗಿಸುವ ಯಾಗಿಯ (ಉದ್ದ ದಂಡಕ್ಕೆ ಸಾಲಾಗಿ ಕಡ್ಡಿ ಜೋಡಿಸಿದ, ಒಂದೇ ದಿಕ್ಕಿಗೆ ಗುರಿಯಿಡುವ ಆಂಟೆನಾದ) ಕಡ್ಡಿಗಳನ್ನು ಹಳೆಯ ಟಿವಿ ಆಂಟೆನಾದಂತೆ ಅಡ್ಡ ಮಲಗಿಸದೆ ನೆಟ್ಟಗೆ ನಿಲ್ಲಿಸಿ. ಎರಡೂ ಕಡೆಯ ಧ್ರುವೀಕರಣ (ಅಲೆ ಲಂಬವೋ ಅಡ್ಡವೋ ಎಂಬುದು) ಹೊಂದದಿದ್ದರೆ ನೇರ ಹಾದಿಯಲ್ಲಿ 20 ಡೆಸಿಬಲ್‌ನಷ್ಟು ನಷ್ಟವಾಗಬಹುದು. ಆಗ 5 ವ್ಯಾಟ್ ಕಳಿಸಿದರೂ 50 ಮಿಲಿವ್ಯಾಟ್ ಕಳಿಸಿದಷ್ಟೇ ಫಲ. ಎಸ್‌ಎಸ್‌ಬಿ (ಎಫ್‌ಎಂ ಅಲ್ಲದ, ಕಿರಿದಾದ ಬ್ಯಾಂಡಿನಲ್ಲಿ ಮಾತು ಕಳಿಸುವ ವಿಧಾನ) ಸಂಪರ್ಕಕ್ಕೆ ಮಾತ್ರ ಅಡ್ಡ ಕಡ್ಡಿಯೇ ರೂಢಿ.

ಹಲವರು ಗಮನಿಸದಿರುವುದು ಕಂಬವನ್ನು. ನೆಟ್ಟಗಿರುವ ಕಡ್ಡಿಗಳ ನಡುವೆ ಕಬ್ಬಿಣದ ಪೈಪು ಹಾದುಹೋದರೆ ಅದೂ ಒಂದು ಕಡ್ಡಿಯಂತೆ ವರ್ತಿಸಿ ವಿಕಿರಣದ ವಿನ್ಯಾಸವನ್ನೇ ಕೆಡಿಸುತ್ತದೆ. ಆದ್ದರಿಂದ ನಾನು ಬೂಮನ್ನು (ಕಡ್ಡಿಗಳನ್ನು ಹೊತ್ತ ದಂಡವನ್ನು) ರಿಫ್ಲೆಕ್ಟರ್‌ನ, ಅಂದರೆ ತೀರಾ ಹಿಂದಿನ ಕಡ್ಡಿಯ, ಹಿಂದುಗಡೆಯಲ್ಲಿ ಕಂಬಕ್ಕೆ ಕಟ್ಟುತ್ತೇನೆ. ಬೂಮ್ ಉದ್ದವಾಗಿದ್ದು ಮಧ್ಯದಲ್ಲೇ ಆಧಾರ ಬೇಕಾದರೆ, ಕಂಬದ ಮೇಲಿನ ಎರಡು ಮೀಟರಿಗೆ ಚೆನ್ನಾಗಿ ಒಣಗಿದ ಬಿದಿರನ್ನು ಬಳಸುತ್ತೇನೆ. ಕೇಬಲನ್ನೂ ಬೂಮಿನ ಗುಂಟ ಹಿಂದಕ್ಕೆ ಒಯ್ದು, ರಿಫ್ಲೆಕ್ಟರ್ ದಾಟಿದ ಮೇಲೆಯೇ ಕೆಳಗಿಳಿಸಿ.