ಹೆಸರು ಹೊರಗೆ ಹೋಗಬಾರದು: ದಾವಣಗೆರೆ ಕಾಲೇಜಿನಲ್ಲಿ ವೇಪ್ ಬಿಡಿಸುವ ಕೆಲಸ, ನನ್ನ ಅನುಭವ

ನಾನು ದಾವಣಗೆರೆಯ ಒಂದು ಪದವಿ ಕಾಲೇಜಿನಲ್ಲಿ ಕೆಮಿಸ್ಟ್ರಿ ಮೇಷ್ಟ್ರು. ಎನ್‌ಎಸ್‌ಎಸ್ ಘಟಕವನ್ನೂ ನಾನೇ ನೋಡಿಕೊಳ್ಳುತ್ತೇನೆ. ವೇಪ್, ಅಂದರೆ ಇ-ಸಿಗರೇಟ್ ಚಟ ಹತ್ತಿದ ಹುಡುಗರ ಜೊತೆ ಹೇಗೆ ಕೆಲಸ ಶುರು ಮಾಡಿದಿರಿ, ಯಾರನ್ನೆಲ್ಲ ಸೇರಿಸಿಕೊಂಡಿರಿ ಅಂತ ಬೇರೆ ಕಾಲೇಜಿನವರು ಕೇಳುತ್ತಿರುತ್ತಾರೆ. ಅವರಿಗೆ ಮೊದಲು ಹೇಳುವುದು ಒಂದೇ ಮಾತು. ಸಹಾಯ ಕೇಳಿ ಬಂದವನ ಹೆಸರು ಎಲ್ಲಿಗೂ ಹೋಗಬಾರದು. ಇದು ಗಟ್ಟಿಯಾಗದೆ ಡಾಕ್ಟರನ್ನು ಕರೆಸಿ, ಜಾಥಾ ಮಾಡಿ, ಬ್ಯಾನರ್ ಕಟ್ಟಿ, ಏನೇ ಮಾಡಿದರೂ ಒಬ್ಬನೂ ಬರುವುದಿಲ್ಲ.

ಸಿಗರೇಟಾದರೆ ವಾಸನೆ ಬರುತ್ತದೆ, ವಾರ್ಡನ್‌ಗೆ ಗೊತ್ತಾಗುತ್ತದೆ. ವೇಪ್ ಹಾಗಲ್ಲ. ನೋಡೋಕೆ ಪೆನ್‌ಡ್ರೈವ್ ಅಥವಾ ಹೈಲೈಟರ್ ಪೆನ್. ರೂಮಿನಲ್ಲಿ ಸೇದಿದರೆ ಮಾವಿನಹಣ್ಣಿನದೋ ಪುದೀನದ್ದೋ ಘಮ, ಅದೂ ಸ್ವಲ್ಪ ಹೊತ್ತಿಗೆ ಹೋಗಿಬಿಡುತ್ತದೆ. ಜಗಳೂರು, ಹೊನ್ನಾಳಿ, ಚನ್ನಗಿರಿ ಕಡೆಯಿಂದ ಬಂದ ಹುಡುಗರು, ಮನೆಯಲ್ಲಿ ಯಾರೂ ಬೀಡಿ ಕೂಡ ಮುಟ್ಟದವರು, ಇದು ಬರೀ ಫ್ಲೇವರ್ ಹಾಕಿದ ನೀರಾವಿ ಅಂತ ನಂಬಿಕೊಂಡು ಶುರು ಮಾಡಿರುತ್ತಾರೆ.

ಕಾನೂನು ಗೊತ್ತಿರಬೇಕು, ಇಲ್ಲದಿದ್ದರೆ ಮಾತು ನಿಲ್ಲುವುದಿಲ್ಲ. ಕರ್ನಾಟಕ 2016ರಲ್ಲೇ ಇ-ಸಿಗರೇಟ್ ನಿಷೇಧಿಸಿತ್ತು. 2019ರಲ್ಲಿ ಇಡೀ ದೇಶಕ್ಕೆ ಕಾಯ್ದೆ ಬಂತು. ತಯಾರಿಕೆ, ಆಮದು, ಮಾರಾಟ, ಜಾಹೀರಾತು ಎಲ್ಲವೂ ಅಪರಾಧ. ಮೊದಲ ಸಲಕ್ಕೆ 1 ವರ್ಷದವರೆಗೆ ಜೈಲು, ಅಥವಾ 1 ಲಕ್ಷದವರೆಗೆ ದಂಡ, ಅಥವಾ ಎರಡೂ. ದಾಸ್ತಾನು ಇಟ್ಟರೂ ಶಿಕ್ಷೆ ಇದೆ. ಆದರೆ ಸುಮ್ನೆ ಸೇದಿದವನಿಗೆ ಇಂತಿಷ್ಟು ಶಿಕ್ಷೆ ಅಂತ ಆ ಕಾಯ್ದೆಯಲ್ಲಿ ಬರೆದಿಲ್ಲ. ನಮ್ಮ ಪ್ರಿನ್ಸಿಪಾಲರ ಹತ್ತಿರ ನಾನು ಹಿಡಿದುಕೊಂಡು ಹೋದದ್ದು ಇದೇ ಅಂಶವನ್ನು. ಮಾರುವವನು ಪೊಲೀಸರ ವಿಷಯ ಸಾರ್, ಸೇದುವವನು ನಮ್ಮ ವಿಷಯ ಅಂದೆ.

ಅವರು ತಕ್ಷಣ ಒಪ್ಪಲಿಲ್ಲ. ಶಿಸ್ತು ಸಮಿತಿಯಲ್ಲಿದ್ದ ಹಿರಿಯರೊಬ್ಬರು, "ಹೀಗೆ ಬಿಟ್ಟರೆ ನಾಳೆ ಎಲ್ಲರೂ ಸೇದುತ್ತಾರೆ ಕಣ್ರೀ" ಅಂದರು. ಅವರ ಆತಂಕ ಸುಳ್ಳಲ್ಲ. ಆದರೆ ಬ್ಯಾಗ್ ಚೆಕ್ ಮಾಡಿ, ಸಿಕ್ಕವರನ್ನು ಸಸ್ಪೆಂಡ್ ಮಾಡಿ, ಅಪ್ಪ ಅಮ್ಮನನ್ನು ಕರೆಸಿ ಕಾರಿಡಾರಿನಲ್ಲಿ ನಿಲ್ಲಿಸಿದ ಕಾಲೇಜೊಂದು ನಮ್ಮ ಕಣ್ಣ ಮುಂದೆಯೇ ಇತ್ತು. ಅಲ್ಲಿ ಸೇದುವುದು ನಿಲ್ಲಲಿಲ್ಲ, ಪಿಜಿ ರೂಮುಗಳಿಗೆ ಹೋಯಿತು ಅಷ್ಟೇ. ಸಾಕಷ್ಟು ಚರ್ಚೆ ಆದಮೇಲೆ ಒಂದು ಪುಟದ ಬರಹಕ್ಕೆ ಸಹಿ ಬಿತ್ತು. ತಾನಾಗಿ ಬಂದವನ ಮೇಲೆ ಕ್ರಮ ಇಲ್ಲ. ಮನೆಗೆ ಫೋನ್ ಇಲ್ಲ. ಇಂಟರ್ನಲ್ ಮಾರ್ಕ್ಸಿಗೂ ಇದಕ್ಕೂ ಸಂಬಂಧ ಇಲ್ಲ. ಮಾರುವವನಿಗೆ ಈ ರಕ್ಷಣೆ ಇಲ್ಲ. ಜೀವಕ್ಕೆ ಅಪಾಯ ಅನ್ನಿಸಿದರೆ ಮಾತ್ರ ಮನೆಯವರಿಗೆ ಹೇಳುತ್ತೇವೆ, ಅದನ್ನೂ ಅವನಿಗೆ ಮೊದಲೇ ತಿಳಿಸಿಯೇ. ಈ ಪುಟವನ್ನು ನೋಟಿಸ್ ಬೋರ್ಡಿಗೆ ಹಾಕಿದೆವು, ಕ್ಲಾಸಿಗೆ ಹೋಗಿ ಓದಿ ಹೇಳಿದೆವು.

ಇನ್ನೊಂದು ಪ್ರಶ್ನೆ ಇತ್ತು. ಕೌನ್ಸೆಲಿಂಗ್ ಯಾರು ಮಾಡಬೇಕು? ನಾನು ಮಾಡಬಾರದು, ಅದು ಸ್ಪಷ್ಟ. ಪ್ರಾಕ್ಟಿಕಲ್‌ಗೆ ಅಂಕ ಹಾಕುವ ಮೇಷ್ಟ್ರ ಹತ್ತಿರ ಯಾವ ಹುಡುಗ ತಾನೇ ನಿಜ ಹೇಳುತ್ತಾನೆ? ನಮ್ಮೂರಲ್ಲಿ ಎರಡು ದಂತ ವೈದ್ಯಕೀಯ ಕಾಲೇಜುಗಳಿರುವುದು ದೊಡ್ಡ ಅನುಕೂಲ. ಸಮುದಾಯ ದಂತ ಆರೋಗ್ಯ ವಿಭಾಗದವರಿಗೆ ತಂಬಾಕು ಬಿಡಿಸುವ ತರಬೇತಿ ಇರುತ್ತದೆ, ಕ್ಯಾಂಪ್ ಮಾಡುವುದು ಅವರ ಕೆಲಸವೇ. ಅವರಲ್ಲಿ ಒಬ್ಬರ ಜೊತೆ ಕೂತು ಮಾತಾಡಿದಾಗ ಒಂದು ದಾರಿ ಹೊಳೆಯಿತು. ತಿಂಗಳಿಗೊಮ್ಮೆ ಶನಿವಾರ ಎಲ್ಲರಿಗೂ ಹಲ್ಲಿನ ತಪಾಸಣೆ. ಎಲ್ಲರೂ ಸಾಲಿನಲ್ಲಿ ನಿಲ್ಲುತ್ತಾರೆ, ಎಲ್ಲರೂ ಒಳಗೆ ಹೋಗಿ ಐದತ್ತು ನಿಮಿಷ ಕೂರುತ್ತಾರೆ. ಯಾರು ಹುಳುಕಿನ ಬಗ್ಗೆ ಮಾತಾಡಿದರು, ಯಾರು ವೇಪ್ ಬಗ್ಗೆ ಮಾತಾಡಿದರು ಅಂತ ಹೊರಗಿದ್ದವರಿಗೆ ಗೊತ್ತಾಗುವುದೇ ಇಲ್ಲ. ಬಾಯಿ ಒಣಗುವುದು, ಒಸಡಿನ ತೊಂದರೆ, ಇವನ್ನು ನೋಡುತ್ತಾ ಡಾಕ್ಟರೇ ಮೆಲ್ಲಗೆ ಕೇಳಬಹುದು. ವೇಪ್‌ನಲ್ಲಿರುವ ನಿಕೋಟಿನ್, ಅಂದರೆ ತಂಬಾಕಿನಲ್ಲಿ ಚಟ ಹಿಡಿಸುವ ಅಂಶ, ರಕ್ತನಾಳ ಬಿಗಿ ಮಾಡುವುದರಿಂದ ಒಸಡು ಹಾಳಾಗುತ್ತಿದ್ದರೂ ರಕ್ತ ಬರುವುದು ಕಮ್ಮಿ, ಹಾಗಾಗಿ ಹುಡುಗರಿಗೆ ಗೊತ್ತೇ ಆಗಿರುವುದಿಲ್ಲ. ರಿಜಿಸ್ಟರಿನಲ್ಲಿ ಹೆಸರಿಲ್ಲ, ನಂಬರ್ ಮಾತ್ರ. ಅದೂ ಅವರ ಹತ್ತಿರವೇ ಇರುತ್ತದೆ. ಕಾಲೇಜಿಗೆ ಬರುವುದು ಇಷ್ಟು ಜನ ಬಂದರು ಅನ್ನುವ ಲೆಕ್ಕ ಒಂದೇ.

ಹಾಸ್ಟೆಲ್ ವಾರ್ಡನ್ ಹೆದರಿದ್ದರು. ಏನಾದರೂ ಆದರೆ ಆಡಳಿತ ಮಂಡಳಿ ತನ್ನನ್ನೇ ಕೇಳುತ್ತದೆ ಅಂತ. ಅವರಿಗೆ ಹುಡುಕುವ ಕೆಲಸ ಕೊಡಲಿಲ್ಲ. ಕಣ್ಣಿಗೆ ಬಿದ್ದರೆ "ಶನಿವಾರ ಡಾಕ್ಟರ್ ಬರ್ತಾರಪ್ಪ, ಹೋಗಿ ಮಾತಾಡು" ಅನ್ನಿ, ಅಲ್ಲಿಗೆ ಬಿಡಿ ಅಂದೆವು. ಸಹಿ ಬಿದ್ದ ಆ ಪುಟ ಅವರಿಗೂ ರಕ್ಷಣೆ ಆಯಿತು. ಆಮೇಲೆ ಅವರೇ ಮುಂದೆ ಬಂದು ಪರೀಕ್ಷೆ ಸಮಯದಲ್ಲಿ ರಾತ್ರಿ ಮೆಸ್ ಬಾಗಿಲು ತೆಗೆಸಿ ಮಜ್ಜಿಗೆ, ಮಂಡಕ್ಕಿ ಇಡಿಸಿದರು. ಓದುವಾಗ ಕೈ ಬಾಯಿ ಎರಡಕ್ಕೂ ಏನೋ ಬೇಕು ಅನ್ನಿಸುತ್ತದೆ, ಆ ಹೊತ್ತಿಗೆ ಇದು ನಿಜಕ್ಕೂ ಉಪಯೋಗಕ್ಕೆ ಬಂತು.

ಕೆಮಿಸ್ಟ್ರಿ ನನ್ನ ಪಾಲಿನದು. ಲ್ಯಾಬಿನಲ್ಲಿ ಪಾಠದ ಜೊತೆಗೇ ಹೇಳುತ್ತೇನೆ. ಶುದ್ಧ ನಿಕೋಟಿನ್ ಕ್ಷಾರ ಗುಣದ್ದು, ಜಾಸ್ತಿ ಇದ್ದರೆ ಗಂಟಲು ಉರಿಯುತ್ತದೆ. ಅದಕ್ಕೆ ಬೆಂಜೋಯಿಕ್ ಆಮ್ಲ ಸೇರಿಸಿದರೆ ಲವಣ ಆಗುತ್ತದೆ, ಗಂಟಲಿಗೆ ನಯವಾಗಿ ಇಳಿಯುತ್ತದೆ. ಹೀಗಾಗಿಯೇ ಅಷ್ಟೊಂದು ತುಂಬಲು ಆಗುವುದು. ವೇಪ್ ಮೇಲೆ 5% ಅಂತ ಬರೆದಿದ್ದರೆ ಒಂದು ಮಿಲಿಲೀಟರಿಗೆ 50 ಮಿಲಿಗ್ರಾಂ. 2 ಮಿಲಿಲೀಟರ್ ಇದ್ದರೆ 100 ಮಿಲಿಗ್ರಾಂ. ಒಂದು ಸಿಗರೇಟಿನಿಂದ ಮೈಗೆ ಸೇರುವುದು ಸುಮಾರು 1ರಿಂದ 1.5 ಮಿಲಿಗ್ರಾಂ. ವೇಪ್‌ನಲ್ಲಿರುವುದೆಲ್ಲ ಮೈಗೆ ಹೋಗುವುದಿಲ್ಲ, ಸರಿ. ಆದರೂ ಲೆಕ್ಕ ಹಾಕಿಕೊಳ್ಳಲಿ ಅಂತ ಬೋರ್ಡಿನ ಮೇಲೆ ಬರೆದು ಬಿಡುತ್ತೇನೆ. ಸಿಗರೇಟ್ ಉರಿದು ಮುಗಿಯುತ್ತದೆ. ಇದು ಮುಗಿಯುವುದೇ ಇಲ್ಲ, ದಿಂಬಿನ ಕೆಳಗೇ ಇರುತ್ತದೆ, ಎದ್ದ ತಕ್ಷಣ ಬಾಯಿಗೆ ಹೋಗುತ್ತದೆ.

ಒಬ್ಬ ಹುಡುಗ ಕೇಳಿದ. "ಸರ್, ಬ್ರಿಟನ್ನಿನಲ್ಲಿ ಸಿಗರೇಟ್ ಬಿಡೋಕೆ ವೇಪ್ ಕೊಡ್ತಾರಂತೆ, ನೀವು ಮಾತ್ರ ಬೇಡ ಅಂತೀರ?" ಒಳ್ಳೆಯ ಪ್ರಶ್ನೆ. ಸುಳ್ಳು ಹೇಳಿ ಬಾಯಿ ಮುಚ್ಚಿಸಿದರೆ ಅವತ್ತಿಗೆ ನಂಬಿಕೆ ಹೋಯಿತು. ಹೌದು, ಅಲ್ಲಿ ಸಿಗರೇಟ್ ಸೇದುವ ದೊಡ್ಡವರಿಗೆ ಅದು ಒಂದು ದಾರಿ, ಸಿಗರೇಟಿಗಿಂತ ಅಪಾಯ ಕಮ್ಮಿ ಅಂತ ಅಲ್ಲಿನ ಆರೋಗ್ಯ ಇಲಾಖೆಯೇ ಹೇಳುತ್ತದೆ. ಆದರೆ ಅಲ್ಲಿ ನಿಕೋಟಿನ್ ಮಿತಿ ಮಿಲಿಲೀಟರಿಗೆ 20 ಮಿಲಿಗ್ರಾಂ. ಒಮ್ಮೆ ಬಳಸಿ ಎಸೆಯುವ ವೇಪ್‌ಗಳನ್ನು 2025ರ ಜೂನ್‌ನಲ್ಲಿ ಅವರೂ ನಿಷೇಧಿಸಿದರು. ಇಲ್ಲಿ ಕಳ್ಳದಾರಿಯಲ್ಲಿ ಬಂದದ್ದರ ಒಳಗೆ ಏನಿದೆ ಅಂತ ಯಾರೂ ಪರೀಕ್ಷೆ ಮಾಡಿರುವುದಿಲ್ಲ. 2019ರಿಂದ 2020ರ ಫೆಬ್ರವರಿ ಹೊತ್ತಿಗೆ ಅಮೆರಿಕದಲ್ಲಿ ವೇಪ್ ಸೇದಿ ಶ್ವಾಸಕೋಶ ಕೆಟ್ಟು 2,800ಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು ಅಥವಾ ಸತ್ತರು, ಅವರಲ್ಲಿ ಸತ್ತವರು 68 ಜನ. ಅದರಲ್ಲಿ ಮುಖ್ಯವಾಗಿ ಸಿಕ್ಕಿಬಿದ್ದದ್ದು ಗಾಂಜಾ ಅಂಶದ ಕಳ್ಳ ಮಾಲಿಗೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್. ಮೊದಲಿನಿಂದ ಏನೂ ಸೇದದ ಹುಡುಗನಿಗೆ ಬ್ರಿಟನ್ನಿನ ಮಾತು ಅನ್ವಯಿಸುವುದೇ ಇಲ್ಲ, ಅಲ್ವಾ?

ವೇಪ್ ಬಿಟ್ಟವನು ಅಂಗಡಿಯ ಸಿಗರೇಟಿಗೆ ಜಾರುವುದು ನಮಗಿರುವ ದೊಡ್ಡ ಭಯ. ಹಾಗಾಗಿ ಅಂಗಡಿಯವರನ್ನು ಬಿಡುವಂತಿರಲಿಲ್ಲ. ಕರ್ನಾಟಕದ ತಿದ್ದುಪಡಿ 2025ರಲ್ಲಿ ಜಾರಿಗೆ ಬಂದಮೇಲೆ 21 ವರ್ಷದೊಳಗಿನವರಿಗೆ ತಂಬಾಕು ಮಾರುವಂತಿಲ್ಲ, ಶಾಲಾ ಕಾಲೇಜಿನ 100 ಮೀಟರ್ ಒಳಗೂ ಮಾರುವಂತಿಲ್ಲ. ಒಬ್ಬ ಅಂಗಡಿಯಣ್ಣ, "ನಾನ್ ಬಿಟ್ರೆ ಪಕ್ಕದವ್ನು ಮಾರ್ತಾನೆ ಸಾರ್" ಅಂದರು. ಸರಿಯಾದ ಮಾತೇ. ಅದಕ್ಕೆ ಜಿಲ್ಲಾ ತಂಬಾಕು ನಿಯಂತ್ರಣ ಕೋಶದವರ ಜೊತೆ ಹೋಗಿ, ಒಂದೇ ಮಧ್ಯಾಹ್ನ ಎಲ್ಲ ಅಂಗಡಿಗಳವರಿಗೂ ಒಟ್ಟಿಗೆ ಹೇಳಿದೆವು. ಈ ಕೋಶಕ್ಕೂ ನಮ್ಮ ಹುಡುಗರ ಹೆಸರು ಗೊತ್ತಿಲ್ಲ. ಅವರ ಕೆಲಸ ಅಂಗಡಿಯ ಕಡೆಗೆ, ಡಾಕ್ಟರ ಕೆಲಸ ಹುಡುಗನ ಕಡೆಗೆ. ವೇಪ್‌ಗಳನ್ನು ತಂದು ಹಾಕಲು ಕಾಲೇಜಿನಲ್ಲೇ ಒಂದು ಡಬ್ಬಿ ಇಡೋಣ ಅಂತ ವಿದ್ಯಾರ್ಥಿಗಳು ಹೇಳಿದ್ದರು. ದಾಸ್ತಾನು ಅಪರಾಧ ಆಗಿರುವುದರಿಂದ ಅದು ಬೇಡ ಅಂದೆವು.

ಬಿಡಿಸುವಾಗ ಡಾಕ್ಟರ್ ಮೊದಲು ಕೇಳುವ ಪ್ರಶ್ನೆ, ಎದ್ದು ಎಷ್ಟು ಹೊತ್ತಿಗೆ ಮೊದಲನೇ ದಮ್ಮು? ಐದು ನಿಮಿಷದೊಳಗೆ ಅಂದರೆ ಚಟ ಜೋರಾಗಿದೆ ಅಂತ ಅರ್ಥ. ದಿನಕ್ಕೆ ಎಷ್ಟು ಅಂತ ಎಣಿಸಲು ಆಗದ್ದರಿಂದ ಜಾಗ ಕಮ್ಮಿ ಮಾಡಿಸುತ್ತಾರೆ. ಮೊದಲು ಹಾಸಿಗೆಯಲ್ಲಿ ಬೇಡ, ಆಮೇಲೆ ರೂಮಿನಲ್ಲೇ ಬೇಡ. ರಾತ್ರಿ ಅದು ರೂಮ್‌ಮೇಟ್ ಬೀರುವಿನಲ್ಲಿ. ಪೂರ್ತಿ ಬಿಟ್ಟಾಗ ಮೊದಲ ಎರಡು ಮೂರು ದಿನ ಕಷ್ಟ. ಸಿಟ್ಟು, ನಿದ್ದೆಗೇಡು, ತಲೆನೋವು. ಎರಡರಿಂದ ನಾಲ್ಕು ವಾರದಲ್ಲಿ ಇಳಿಯುತ್ತದೆ. ಕೆಲವರಿಗೆ 2 ಮಿಲಿಗ್ರಾಂ ನಿಕೋಟಿನ್ ಗಮ್ ಹೇಳುತ್ತಾರೆ. ಅದನ್ನು ಚೂಯಿಂಗ್ ಗಮ್ ಥರ ಒಂದೇ ಸಮ ಅಗಿಯಬಾರದು. ನಿಧಾನವಾಗಿ ಅಗಿದು, ಖಾರ ಅನ್ನಿಸಿದಾಗ ಕೆನ್ನೆ ಒಸಡಿನ ಮಧ್ಯೆ ಇಟ್ಟುಕೊಳ್ಳಬೇಕು. ಅದಕ್ಕೆ ಕಾಲು ಗಂಟೆ ಮುಂಚೆ ಕಾಫಿ ಟೀ ಬೇಡ. ಜೋರಾದ ಚಟ ಇದ್ದವರನ್ನು ಜಿಲ್ಲಾ ಆಸ್ಪತ್ರೆಗೆ ಕಳಿಸುತ್ತೇವೆ. ರಾತ್ರಿ ಹೊತ್ತು ಮನಸ್ಸು ತೀರಾ ಕೆಟ್ಟರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮನಸ್ 14416. ತಂಬಾಕು ಬಿಡಲು 1800-11-2356, ಇದಕ್ಕೆ ನಿಮ್ಹಾನ್ಸ್‌ನಿಂದ ಕನ್ನಡದಲ್ಲೇ ಮಾತಾಡುತ್ತಾರೆ.

ಎಷ್ಟೋ ಹುಡುಗರು ಬಿಡಲು ದೀಪಾವಳಿ ರಜೆಯನ್ನೇ ಆರಿಸಿಕೊಳ್ಳುತ್ತಾರೆ. ಊರಲ್ಲಿ ಸೇದಲು ಆಗುವುದಿಲ್ಲ, ಜೊತೆಯವರೂ ಇರುವುದಿಲ್ಲ. ಆದರೆ ಕಾರಣ ಗೊತ್ತಿಲ್ಲದ ಅಮ್ಮ, ಇವನ ಸಿಟ್ಟು ನೋಡಿ ಗಾಬರಿಯಾಗುತ್ತಾರೆ. ಮನೆಯಲ್ಲಿ ಒಬ್ಬರಿಗಾದರೂ, ಅಕ್ಕನಿಗೋ ಮಾವನಿಗೋ, ಹೇಳಿಟ್ಟು ಹೋಗು ಅಂತ ಡಾಕ್ಟರ್ ಹೇಳಿ ಕಳಿಸುತ್ತಾರೆ. ಹೇಳುವುದು ಬಿಡುವುದು ಅವನಿಗೆ ಸೇರಿದ್ದು.

ಹುಡುಗಿಯರ ವಿಷಯ ಇನ್ನೂ ಕಷ್ಟ. ಹುಡುಗನಾದರೆ ಅಪ್ಪ ಬೈದು ಸುಮ್ಮನಾಗುತ್ತಾರೆ. ಹುಡುಗಿಯಾದರೆ ಕಾಲೇಜು ಬಿಡಿಸಿ ಮದುವೆ ಮಾತು ತೆಗೆಯುತ್ತಾರೆ. ಹಾಗಾಗಿ ಅವರು ಹಲ್ಲಿನ ಸಾಲಿನಲ್ಲಿ ಬಂದರೂ ಬಾಯಿ ಬಿಡುತ್ತಿರಲಿಲ್ಲ. ಅವರಿಗೆ ಬೇಕಾದ್ದು ಬೇರೆ ರೂಮು, ಬೇರೆ ದಿನ, ಮತ್ತು ಕೇಳಿಸಿಕೊಳ್ಳಲು ಒಬ್ಬ ಹೆಂಗಸು. ದಂತ ಕಾಲೇಜಿನಿಂದ ಬರುವ ಸ್ನಾತಕೋತ್ತರ ವಿದ್ಯಾರ್ಥಿನಿಯೊಬ್ಬರು ಈ ಸೆಮಿಸ್ಟರ್‌ನಿಂದ ಬುಧವಾರ ಸಂಜೆ ಹುಡುಗಿಯರ ಹಾಸ್ಟೆಲ್ಲಿನಲ್ಲೇ ಕೂರಲು ಒಪ್ಪಿದ್ದಾರೆ. ಆ ರಿಜಿಸ್ಟರಿನ ಲೆಕ್ಕವೂ ಸದ್ಯಕ್ಕೆ ನಮಗೆ ಬೇಡ ಅಂತ ಹೇಳಿದ್ದೇನೆ.