ಬೋರ್ಡೋ ದ್ರಾವಣದ ವಿಡಿಯೋ ಎರಡು ಸಲ ಮಾಡಿದ ಕಥೆ

ಪ್ರತಿ ವರ್ಷ ಮಳೆ ಹಿಡಿಯುವ ಮೊದಲು ನನಗೆ ಫೋನ್ ಬರುತ್ತದೆ. ಹೊಸದಾಗಿ ಅಡಿಕೆ ತೋಟ ನೋಡಿಕೊಳ್ಳಲು ಊರಿಗೆ ಬಂದ ಹುಡುಗರು ಮಳೆಗಾಲದಲ್ಲಿ ಅಡಿಕೆಯನ್ನು ಕೊಳೆಸುವ ಕೊಳೆರೋಗಕ್ಕೆ ಬೋರ್ಡೋ ದ್ರಾವಣ, ಅಂದರೆ ಮೈಲುತುತ್ತು (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಬೆರೆಸಿದ ಮದ್ದು, ಮಾಡುವುದು ಹೇಗೆಂದು ಕೇಳುತ್ತಾರೆ. ಬಾಯಲ್ಲಿ ಹೇಳಿದ್ದು ಡ್ರಮ್ಮಿನ ಹತ್ತಿರ ಹೋಗುವಷ್ಟರಲ್ಲಿ ಅರ್ಧ ಮರೆತಿರುತ್ತದೆ. ಅದಕ್ಕೇ ವಿಡಿಯೋ ಮಾಡಲು ಹೊರಟೆ.

ಮೊದಲನೆಯದನ್ನು ಪ್ರಬಂಧದ ಹಾಗೆ ಬರೆದು, ಓದಿ ರೆಕಾರ್ಡ್ ಮಾಡಿ, ಮೇಲೆ ದೃಶ್ಯ ಅಂಟಿಸಿದ್ದೆ. ಹೇಳಿದ ಪ್ರತಿ ವಾಕ್ಯವೂ ಕೆಳಗೆ ಅಕ್ಷರದಲ್ಲಿ ಓಡುತ್ತಿತ್ತು. ಊರಿನ ವಾಟ್ಸಾಪ್ ಗುಂಪಿಗೆ ಹಾಕಿದೆ. ನಾಲ್ಕು ದಿನ ಬಿಟ್ಟು ಪಕ್ಕದ ತೋಟದ ಭಾವನ ಅಂಗಳಕ್ಕೆ ಹೋದರೆ, ಅವನು ಸುಣ್ಣದ ನೀರನ್ನು ಮೈಲುತುತ್ತಿನ ಡ್ರಮ್ಮಿಗೆ ಸುರಿಯುತ್ತಿದ್ದಾನೆ. ಸುರಿಯಬೇಕಾದ್ದು ಉಲ್ಟಾ. "ಹೀಗಲ್ಲ ಭಾವಾ" ಎಂದೆ. "ನೀನೇ ತೋರಿಸಿದ್ದಲ್ಲವಾ ಮಾರಾಯ" ಎಂದು ಫೋನ್ ತೆಗೆದ.

ನಿಜ. ನನ್ನ ಧ್ವನಿ ಸರಿಯಾಗಿಯೇ ಹೇಳುತ್ತಿತ್ತು. ಆದರೆ ಅದೇ ಹೊತ್ತಿಗೆ, ಜಾಗ ತುಂಬಲೆಂದು ಹಾಕಿದ್ದ ದೃಶ್ಯದಲ್ಲಿ ನೀಲಿ ಡ್ರಮ್ಮಿನ ಪಕ್ಕ ಒಂದು ಕೈ ಸುಣ್ಣದ ನೀರು ಎತ್ತುತ್ತಿತ್ತು. ಭಾವ ಕಿವಿಯನ್ನು ಬಿಟ್ಟು ಕಣ್ಣನ್ನು ನಂಬಿದ್ದ. ಯಾರಾದರೂ ಹಾಗೇ ಮಾಡುತ್ತಾರೆ.

ಅಮೆರಿಕದ ಶಿಕ್ಷಣ ಮನೋವಿಜ್ಞಾನಿ ರಿಚರ್ಡ್ ಮೇಯರ್ ಈ ವಿಷಯದಲ್ಲೇ ವರ್ಷಗಟ್ಟಲೆ ಪ್ರಯೋಗ ಮಾಡಿದವರು. ಮಾತು ಮತ್ತು ಅದರ ಚಿತ್ರ ಒಂದೇ ಹೊತ್ತಿಗೆ ಬರಬೇಕು. ಹೇಳುವುದನ್ನೇ ಅಕ್ಷರದಲ್ಲೂ ಹಾಕಿದರೆ ಚಿತ್ರ ನೋಡಬೇಕಾದ ಕಣ್ಣು ಓದಲು ಹೋಗುತ್ತದೆ ಎನ್ನುತ್ತಾರೆ. ನನ್ನ ವಿಡಿಯೋದಲ್ಲಿ ಎರಡೂ ತಪ್ಪಿದ್ದವು.

ಎರಡನೇ ಸಲ ಮೊದಲು ಕೆಲಸವನ್ನು ಚಿತ್ರೀಕರಿಸಿದೆ, ಅದನ್ನು ನೋಡುತ್ತಾ ಮಾತು ಹೇಳಿದೆ. ಆಗ ಕನ್ನಡದ್ದೇ ಒಂದು ತೊಡಕು ಗೊತ್ತಾಯಿತು. ನಮ್ಮಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. "ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಕದಡುತ್ತಾ ನಿಧಾನಕ್ಕೆ ಸುರಿಯಬೇಕು" ಎನ್ನುವಾಗ "ಸುರಿ" ಬರುವಷ್ಟರಲ್ಲಿ ಪರದೆಯಲ್ಲಿ ಬಕೆಟ್ಟು ಅರ್ಧ ಖಾಲಿ. ವಾಕ್ಯವನ್ನು ಒಡೆದೆ. ಬೆರಳು ತೋರಿಸಿ, "ಇದು ಮೈಲುತುತ್ತು." ಪಕ್ಕಕ್ಕೆ ತಿರುಗಿ, "ಇದು ಸುಣ್ಣ." ಆಮೇಲೆ, "ನೀಲಿಯನ್ನು ಬಿಳಿಗೆ ಸುರಿಯುವುದು." ಅಷ್ಟು ಹೇಳಿ ಬಾಯಿ ಮುಚ್ಚಿದೆ. ನೀರು ಬೀಳುವ ಸದ್ದು ಮಾತ್ರ. ಕದಡುವ ಕೋಲು ಕಂಡಾಗ, "ಕೈ ನಿಲ್ಲಿಸಬೇಡಿ."

ಅಕ್ಷರ ಉಳಿಸಿದ್ದು ಅಳತೆಗೆ ಮಾತ್ರ: ಮೈಲುತುತ್ತು 1 ಕಿಲೋ, 50 ಲೀಟರ್ ನೀರು, ಸುಣ್ಣ 1 ಕಿಲೋ, 50 ಲೀಟರ್ ನೀರು. ಕಾಗದಕ್ಕೆ ಬರೆದುಕೊಳ್ಳುವವರಿಗೆ ಸಾಕಾಗುವಷ್ಟು ಹೊತ್ತು ಬಿಟ್ಟೆ. ಹಿನ್ನೆಲೆ ಸಂಗೀತ ಪೂರ್ತಿ ತೆಗೆದೆ.

ಹೆಚ್ಚು ಕಷ್ಟಪಟ್ಟದ್ದು ಚೂರಿಯ ಪರೀಕ್ಷೆಗೆ. ಉಜ್ಜಿ ಚೊಕ್ಕ ಮಾಡಿದ ಕಬ್ಬಿಣದ ಚೂರಿಯನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆದಾಗ ಅಲಗಿಗೆ ಕೆಂಪು ಬಂದರೆ ಸುಣ್ಣದೊಡನೆ ಸೇರದ ತಾಮ್ರ ಇನ್ನೂ ಉಳಿದಿದೆ, ಸುಣ್ಣ ಸಾಲದು ಎಂದರ್ಥ. ನಾವು ನೀಲಿ ಟಾರ್ಪಾಲಿನ ಕೆಳಗೆ ಚಿತ್ರ ತೆಗೆಯುತ್ತಿದ್ದೆವು. ಫೋನಿನಲ್ಲಿ ಎಲ್ಲವೂ ನೀಲಿಯಾಗಿ ಆ ಕೆಂಪು ಕಾಣಲೇ ಇಲ್ಲ. "ಕೆಂಪಾಗಿದೆ ನೋಡಿ" ಎಂದು ಎಷ್ಟು ಹೇಳಿದರೂ ಕಾಣದ್ದನ್ನು ನಂಬುವುದು ಹೇಗೆ? ಜಗಲಿಯ ಬೆಳಕಿಗೆ ಬಂದು, ಬಿಳಿ ಪಂಚೆಯ ಮೇಲೆ ಅದ್ದದ ಚೂರಿ ಒಂದು, ಅದ್ದಿದ್ದು ಒಂದು, ಅಕ್ಕಪಕ್ಕ ಇಟ್ಟೆ. ಮಾತೇ ಬೇಕಾಗಲಿಲ್ಲ. "ಸುಣ್ಣದ ನೀರು ಇನ್ನಷ್ಟು ಹಾಕಿ, ಮತ್ತೆ ಅದ್ದಿ ನೋಡಿ" ಎಂಬುದೊಂದನ್ನೇ ಸೇರಿಸಿದೆ.

ಗುಂಪಿಗೆ ಹಾಕುವ ಮೊದಲು ಭಾವನ ಕೈಗೆ ಫೋನ್ ಕೊಟ್ಟು, ಧ್ವನಿ ಪೂರ್ತಿ ಇಳಿಸಿ, "ಏನಾಗುತ್ತಿದೆ ಹೇಳು" ಎಂದೆ. ಎಲ್ಲ ಹೇಳಿದ. ಒಂದು ಕಡೆ ತಡೆದ: "ಇಷ್ಟು ಒಳ್ಳೆ ಕಬ್ಬಿಣದ ಡ್ರಮ್ಮು ಬದಿಗಿಟ್ಟು ಪ್ಲಾಸ್ಟಿಕ್‌ನದ್ದು ತಂದದ್ದು ಯಾಕೆ?" ಅದನ್ನು ತೋರಿಸಲಾಗದು, ಹೇಳಬೇಕು. ಚೂರಿಗೆ ತಾಮ್ರ ಹಿಡಿದ ಹಾಗೆ ಡ್ರಮ್ಮಿಗೂ ಹಿಡಿಯುತ್ತದೆ, ಡ್ರಮ್ಮೂ ಹಾಳು, ಮದ್ದೂ ಹಾಳು. ಆ ಎರಡು ವಾಕ್ಯ ಅಲ್ಲಿಗೆ ಸೇರಿಸಿ ಅದೇ ರಾತ್ರಿ ಕಳಿಸಿದೆ.